ಸಮುದ್ರ ಇರುವುದು ಪಡು ಬದಿಗೆ

ನನ್ನನ್ನು ಕಾರಿನಲ್ಲಿ ಕರೆದುಕೊಂಡು ಹೋಗಲು ಈಗೀಗ ಯಾರೂ ಮುಂದೆ ಬರುವುದಿಲ್ಲ. ಕಾರಣ ನನಗೆ ಗೊತ್ತಿದೆ. ಡ್ರೈವರನ ಪಕ್ಕದ ಸೀಟಿನಲ್ಲಿ ಕೂತ ಕೂಡಲೇ ನನ್ನ ಬಾಯಿ ಸುರುವಾಗುತ್ತದೆ. ಮುಂದೆ ಹಂಪ್ ಉಂಟು, ಹಂಪ್ ದಾಟಿದರೆ ಇಳಿಜಾರು, ಇಳಿಜಾರಿನ ಕೊನೆಗೆ ಮೀನಿನ ಲಾರಿ ನಿಂತಿರುತ್ತದೆ, ನಿಧಾನ. ಮೊನ್ನೆ ಪಕ್ಕದ ಮನೆಯ ಬ್ಯಾಂಕಿನವರು ತಮ್ಮ ಫೋನನ್ನು ಕಾರಿನ ಗಾಜಿಗೆ ಅಂಟಿಸಿ, ಅದರೊಳಗಿನ ಹೆಂಗಸಿನ ಹತ್ತಿರ ದಾರಿ ಕೇಳುತ್ತಿದ್ದರು. ಆಕೆ ಎಡಕ್ಕೆ ಎನ್ನುವ ಮೊದಲೇ ನಾನು ಎಡಕ್ಕೆ ಎಂದೆ. ಆಕೆ ಬಲಕ್ಕೆ ಎಂದಾಗ, ಅಲ್ಲಿ ಚರಂಡಿ ಅಗೆದು ಹಾಕಿದ್ದಾರೆ, ಬೇಡ ಎಂದೆ. ಕೊನೆಗೆ ಅವರು ಫೋನನ್ನು ಬಂದ್ ಮಾಡಿದರು. ನನ್ನನ್ನು ಬಂದ್ ಮಾಡುವ ಗುಂಡಿ ಎಲ್ಲಿದೆ ಎಂದು ಪಾಪ, ಅವರಿಗೆ ಗೊತ್ತಿರಲಿಲ್ಲ.

ಹಾಗೆ ನೋಡಿದರೆ ನನಗೆ ಡ್ರೈವಿಂಗ್ ಬರುವುದಿಲ್ಲ. ಸೈಕಲ್ಲನ್ನೂ ಬಿಟ್ಟವಳಲ್ಲ. ಆದರೆ ಪಕ್ಕದ ಸೀಟಿನ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಉಡುಪಿಯಿಂದ ಮಂಗಳೂರಿನವರೆಗೆ ಇದ್ದರೆ ತೋರಿಸಿ, ನೋಡುವ. ಇದು ಜಂಬವಲ್ಲ. ನಾನು ಕಲಿತದ್ದು ಯುರೋಪಿನ ಕಾರ್ ರ‍್ಯಾಲಿಯಲ್ಲಿ ಪಳಗಿದವರ ಕೈಯಲ್ಲಿ. ಅದೂ ಎಲ್ಲಿ? ಹೆಂಗಸರು ಸ್ಟೇರಿಂಗ್ ಮುಟ್ಟುವ ಹಾಗೇ ಇಲ್ಲದಿದ್ದ ಸೌದಿಯಲ್ಲಿ.

ಎಂಬತ್ತರ ದಶಕದಲ್ಲಿ ನಾನು ಖಮೀಸ್ ಮುಶೈತಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೆ. ಇವರಿಗೆ ಅದೇ ಊರಿನ ಟಯರ್ ಅಂಗಡಿಯಲ್ಲಿ ಕೆಲಸ. ಇವರು ಎಂದರೆ ನನ್ನ ಯಜಮಾನರು. ಹೆಸರು ಹಿಡಿದು ಕರೆದು ಅಭ್ಯಾಸವಿಲ್ಲ, ಬರೆಯುವಾಗಲೂ ಕೈ ತಡೆಯುತ್ತದೆ. ಸೌದಿ ಎಂದರೆ ಬರೀ ಮರಳು ಎಂದುಕೊಂಡು ಹೋದ ನಮಗೆ ಖಮೀಸ್ ಸಿಕ್ಕಿದ್ದು ಗುಡ್ಡದ ಮೇಲೆ. ಚಳಿಗೆ ಸ್ವೆಟರ್ ಬೇಕು, ತರಕಾರಿಗೂ ಕಾರು ಬೇಕು. ಹಾಗಾಗಿ ಇವರು ಒಂದು ಹಳೆಯ ಜಪಾನ್ ಕಾರು ತೆಗೆದುಕೊಂಡರು. ಅದರ ಬಾಗಿಲು ಹಾಕಬೇಕಾದರೆ ಸ್ವಲ್ಪ ಎತ್ತಿ ಹಾಕಬೇಕು. ಆ ಬಾಗಿಲು ನನ್ನ ಬದಿಯದ್ದು.

ನಮ್ಮ ಆಸ್ಪತ್ರೆಯ ಫಿಸಿಯೋಥೆರಪಿಯಲ್ಲಿ ಬೆಲ್ಜಿಯಂನ ಒಬ್ಬರು ಹೆಂಗಸು ಇದ್ದರು. ಹೆಸರು ಮಾರ್ಥ. ಬೆಳ್ಳಿ ಕೂದಲು, ಬಾಗಿಲಿನಷ್ಟು ಎತ್ತರ, ರೋಗಿಗಳ ಮಂಡಿ ಮಡಚುವಾಗ ಮಾತ್ರ ದಯೆದಾಕ್ಷಿಣ್ಯ ಇಲ್ಲ. ಒಂದು ದಿನ ಕ್ಯಾಂಟೀನಿನಲ್ಲಿ ನಾನು ನನ್ನ ಗೋಳು ಹೇಳಿಕೊಳ್ಳುತ್ತಿದ್ದೆ. ಇವರು ದಾರಿ ತಪ್ಪಿದರೂ ಯಾರನ್ನೂ ಕೇಳುವುದಿಲ್ಲ, ನಾನು ಹೇಳಿದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ, ಪಕ್ಕದಲ್ಲಿ ಸುಮ್ಮನೆ ಗೊಂಬೆ ಥರ ಕೂತಿರಬೇಕು ಎಂದು. ಮಾರ್ಥ ಚಹಾ ಲೋಟ ಕೆಳಗಿಟ್ಟರು.

"ಸುಮ್ಮನೆ ಕೂತಿರಬೇಕು ಅಂತ ಯಾರು ಹೇಳಿದ್ದು? ನಾನು ಆ ಸೀಟಿನಲ್ಲಿ ಕೂತು ರೋಮಿಗೆ ಹೋಗಿ ಬಂದವಳು!"

ಆಗ ಗೊತ್ತಾಯಿತು ನೋಡಿ. ಲಿಯೇಜ್ ಎಂಬುದು ಅವರ ಊರಿನ ಕಡೆಯ ಪಟ್ಟಣ. ಅಲ್ಲಿಂದ ಕಾರುಗಳು ಹೊರಟು, ಆಲ್ಪ್ಸ್ ಬೆಟ್ಟಗಳನ್ನು ಹತ್ತಿ ಇಳಿದು, ಇಟಲಿಯ ರೋಮ್ ಮುಟ್ಟಿ, ಬಂದ ಹಾಗೇ ಲಿಯೇಜಿಗೆ ಮರಳಬೇಕು. ಮಲಗುವ ಹಾಗಿಲ್ಲ. ಸ್ನಾನ, ಊಟ, ರಿಪೇರಿ ಎಲ್ಲ ಓಟದ ನಡುವೆಯೇ. ಸಾಮಾನ್ಯ ಜನ ಹೋಗಿ ಬರುವ ರಸ್ತೆ; ಹಾಲಿನ ಗಾಡಿ, ಕುರಿ ಮಂದೆ ಎಲ್ಲ ಅಡ್ಡ ಬರುತ್ತವೆ. ದಾರಿಯುದ್ದಕ್ಕೂ ಮೇಜು ಹಾಕಿಕೊಂಡು ಕೂತವರು ಮೊಹರು ಒತ್ತುತ್ತಾರೆ. ಹೊತ್ತು ಮೀರಿ ಬಂದರೆ ಮನೆಗೆ ಹೋಗಬಹುದು. ಎರಡು ಮಹಾಯುದ್ಧಗಳ ನಡುವಿನಲ್ಲಿ ಸುರುವಾದ ಈ ಹುಚ್ಚು, ಎರಡನೆಯ ಯುದ್ಧ ಮುಗಿದ ಮೇಲೆ ಇನ್ನೂ ಜೋರಾಯಿತು. ಆಮೇಲೆ ಇಟಲಿಯ ರಸ್ತೆಗಳಲ್ಲಿ ರಜೆಗೆ ಹೋಗುವವರ ಕಾರುಗಳು ತುಂಬಿದಾಗ ರೋಮ್ ಬಿಟ್ಟು, ಯುಗೊಸ್ಲಾವಿಯದ ಧೂಳು ಕುಡಿದು ಬಲ್ಗೇರಿಯದ ಸೋಫಿಯಾಕ್ಕೆ ಹೋಗಿ ಬರತೊಡಗಿದರು. ಅಲ್ಲಿ ರಸ್ತೆಗಿಂತ ಹೊಂಡವೇ ಹೆಚ್ಚು. ಹೊರಟವರು ಹಿಂಡು ಹಿಂಡಾಗಿ, ಮರಳಿ ಮುಟ್ಟಿದವರು ಬೆರಳೆಣಿಕೆ. ಅರುವತ್ತರ ದಶಕದ ನಡುವಿನಲ್ಲಿ ಅದೂ ಸಾಕೆಂದು ಸಾರ್ವಜನಿಕ ರಸ್ತೆಯನ್ನೇ ಬಿಟ್ಟು, ಜರ್ಮನಿಯ ಒಂದು ರೇಸಿನ ಟ್ರ್ಯಾಕಿನಲ್ಲಿ ಸುತ್ತು ಹಾಕತೊಡಗಿದರಂತೆ. "ಸುತ್ತುವುದಕ್ಕೆ ಪಕ್ಕದ ಸೀಟಿನವಳು ಯಾಕೆ? ಗಾಣದ ಎತ್ತು ಸಾಕು" ಎಂದರು ಮಾರ್ಥ. ಅವರ ಸಿಟ್ಟು ಇಪ್ಪತ್ತು ವರ್ಷವಾದರೂ ಆರಿರಲಿಲ್ಲ.

ಓಡಿಸಿದ್ದು ಅವರ ಅಣ್ಣ, ದಾರಿ ಹೇಳಿದ್ದು ಮಾರ್ಥ. ಗೆದ್ದರಾ ಎಂದು ನಾನು ಕೇಳಿದೆ. ಮರಳಿ ಮುಟ್ಟಿದೆವು ಎಂದರು. ಆ ಓಟದಲ್ಲಿ ಮುಟ್ಟಿದ್ದೇ ಗೆದ್ದ ಹಾಗೆ. ಆಮೇಲೆ ದನಿ ತಗ್ಗಿಸಿ, ಒಂದು ವರ್ಷ ಇಬ್ಬರು ಹೆಂಗಸರೇ ಓಡಿಸಿ, ದಾರಿ ಹೇಳಿ, ಎಲ್ಲ ಗಂಡಸರನ್ನು ಹಿಂದೆ ಹಾಕಿ ಮೊದಲ ಸ್ಥಾನ ಹೊಡೆದದ್ದನ್ನು ಹೇಳಿದರು. ಆ ಕ್ಯಾಂಟೀನಿನಲ್ಲಿ, ಕಾರಿನ ಬೀಗದ ಕೈಯನ್ನೂ ಹಿಡಿಯದ ಇಬ್ಬರು ಹೆಂಗಸರು, ನಾವೇ ಗೆದ್ದವರ ಹಾಗೆ ಲೋಟಕ್ಕೆ ಲೋಟ ತಾಗಿಸಿ ಚಹಾ ಕುಡಿದೆವು.

ಅಂದಿನಿಂದ ನನಗೆ ಪಾಠ ಸುರುವಾಯಿತು. ಶುಕ್ರವಾರ ರಜೆ ಇದ್ದಾಗ ನಾವು ಘಾಟಿ ಇಳಿದು ಜಿಜಾನಿಗೆ ಮೀನು ತರಲು ಹೋಗುತ್ತಿದ್ದೆವು. ಮಾರ್ಥ ಹಿಂದಿನ ಸೀಟಿನಲ್ಲಿ. ಅವರ ಪ್ರಕಾರ ಪಕ್ಕದ ಸೀಟಿನವಳ ಕಣ್ಣು ರಸ್ತೆಗೆ, ಬಾಯಿ ಡ್ರೈವರನಿಗೆ ಮೀಸಲು. ತಿರುವು ಬರುವ ಮೊದಲೇ ತಿರುವು ಹೇಳಬೇಕು. ಅವನಿಗೆ ನಿದ್ದೆ ಬರುವ ಮೊದಲೇ ಅವನಿಗೆ ನಿದ್ದೆ ಬರುತ್ತಿದೆ ಎಂದು ನಮಗೆ ಗೊತ್ತಾಗಬೇಕು. ಅನುಮಾನವಿದ್ದರೂ ದನಿಯಲ್ಲಿ ಅನುಮಾನ ತೋರಿಸಬಾರದು. ಈ ಕೊನೆಯದಂತೂ ನನಗೆ ಹುಟ್ಟಿನಿಂದಲೇ ಬಂದ ಗುಣ.

"ಇದೆಂತ ಮಾರಾಯ್ತಿ, ಮಂಗ ಕೂತದ್ದನ್ನೂ ಹೇಳುವುದಾ? ನನಗೆ ಕಣ್ಣಿಲ್ಲವಾ?" ಎಂದರು ಇವರು. ಆ ಘಾಟಿಯ ತಿರುವುಗಳಲ್ಲಿ ಮಂಗಗಳು ಸಂಸಾರ ಸಮೇತ ಕೂತಿರುತ್ತವೆ.

"ಮಂಗ ಹಾರುವುದು ನನಗೆ ಮೊದಲು ಕಾಣುತ್ತದೆ. ನೀವು ಗೇರ್ ನೋಡಿಕೊಳ್ಳಿ."

ಅದು ಹಾರಿತು. ಇವರು ಬ್ರೇಕ್ ಹಾಕಿದರು. ಅಂದಿನಿಂದ ನನ್ನ ಮಾತಿಗೆ ಕಾರಿನೊಳಗೆ ಬೆಲೆ ಬಂತು. ಮನೆಯೊಳಗಿನ ವಿಷಯ ಬೇರೆ.

ಆದರೆ ನನ್ನ ದಾರಿ ಹೇಳುವ ಭಾಷೆ ಮಾರ್ಥರಿಗೆ ಅರ್ಥವಾಗುತ್ತಿರಲಿಲ್ಲ. ಆಗ ನಾನು ಎಡ, ಬಲ ಎನ್ನುವವಳಾಗಿರಲಿಲ್ಲ. ಕರಾವಳಿಯವರ ಬಾಯಲ್ಲಿ ದಿಕ್ಕು ನಾಲ್ಕೇ: ಮೂಡು, ಪಡು, ತೆಂಕು, ಬಡಗು; ಪುಸ್ತಕದವರ ಪೂರ್ವ, ಪಶ್ಚಿಮ, ದಕ್ಷಿಣ, ಉತ್ತರ. ಸಮುದ್ರ ಇರುವುದು ಪಡು, ಘಾಟಿ ಇರುವುದು ಮೂಡು, ಉಳಿದೆರಡು ತಾನಾಗಿ ಗೊತ್ತಾಗುತ್ತದೆ. ಮೂಡುಬಿದಿರೆ, ಪಡುಬಿದ್ರಿ ಎಂದು ಊರಿಗೇ ದಿಕ್ಕು ಕಟ್ಟಿಟ್ಟವರು ನಾವು. ಮಲ್ಪೆ ಹತ್ತಿರದ ನಮ್ಮ ಮನೆಯಲ್ಲಿ ದನವನ್ನು ಕಟ್ಟುವುದು ತೆಂಕು ಬದಿಗೆ, ಬಟ್ಟೆ ಒಣಗಿಸುವುದು ಪಡು ಬದಿಗೆ. ನನ್ನ ಅಜ್ಜಿ ಇನ್ನೂ ಒಂದು ಹೆಜ್ಜೆ ಮುಂದೆ. ಊಟಕ್ಕೆ ಕೂತಾಗ "ನಿನ್ನ ಮೂಡು ಕೆನ್ನೆಗೆ ಅಗುಳು ಅಂಟಿದೆ ನೋಡು" ಎನ್ನುತ್ತಿದ್ದರು. ಒರೆಸಿಕೊಳ್ಳುವ ಗಡಿಬಿಡಿಯಲ್ಲಿ ನಾನು ತಿರುಗಿ ಕೂತರೆ ಅದೇ ಕೆನ್ನೆ ಪಡು ಆಗಿಬಿಡುತ್ತಿತ್ತು. ನನಗೂ ನನ್ನ ತಂಗಿ ವಾರಿಜಳಿಗೂ ಇದು ದಿನಾ ನಗುವ ವಿಷಯ. ಅಗುಳು ಅಂಟಿಸಿಕೊಂಡೇ ಗಿರಗಿರ ತಿರುಗಿ, "ಅಜ್ಜೀ, ಈಗ ಯಾವ ಕೆನ್ನೆ?" ಎಂದು ಕೇಳುತ್ತಿದ್ದೆವು.

ಜಿಜಾನಿನಲ್ಲಿ ಇದು ಎಷ್ಟು ಚಂದ ಹೊಂದುತ್ತಿತ್ತೆಂದರೆ, ನನ್ನ ಊರನ್ನೇ ಯಾರೋ ಅಲ್ಲಿ ಇಳಿಸಿದ ಹಾಗೆ. ಕೆಂಪು ಸಮುದ್ರ ಪಡು ಬದಿಗೆ, ಘಾಟಿ ಮೂಡು ಬದಿಗೆ, ಸೆಖೆ ಎಲ್ಲ ಬದಿಗೂ. ನಾನು ಕಣ್ಣು ಮುಚ್ಚಿ "ಪಡು ಬದಿಗೆ ತಿರುಗಿಸಿ" ಎಂದರೆ ಮೀನಿನ ಮಾರ್ಕೆಟ್ಟು ಬರುತ್ತಿತ್ತು. ನನಗೆ ಸ್ವಲ್ಪ ಕೊಂಬು ಬಂತು. ಮಾರ್ಥ ಮಾತ್ರ ಮೆಚ್ಚಲಿಲ್ಲ. ತಮ್ಮ ಕೈಚೀಲದಿಂದ ಒಂದು ದಿಕ್ಸೂಚಿ ತೆಗೆದು ನನ್ನ ಅಂಗೈಯಲ್ಲಿಟ್ಟರು. ಅವರ ರ‍್ಯಾಲಿಯ ಕಾಲದ್ದು, ಹಿತ್ತಾಳೆಯದ್ದು.

"ನಿನ್ನ ತಲೆಯಲ್ಲಿರುವುದು ನಿನ್ನ ಊರಿನ ನಕ್ಷೆ. ಬೇರೆ ಊರಿನಲ್ಲಿ ಅದನ್ನು ನಂಬಬೇಡ. ಈ ಮುಳ್ಳನ್ನು ನಂಬು" ಎಂದರು.

ವಾರಿಜ ಆಗ ಸೌದಿಯದ್ದೇ ಇನ್ನೊಂದು ತುದಿಯ ಅಲ್ ಖೋಬರಿನಲ್ಲಿದ್ದಳು. ಊರಿನಿಂದ ಬಂದು ವರ್ಷ ತುಂಬಿರಲಿಲ್ಲ. ಅವಳ ಗಂಡನಿಗೆ ಸಮುದ್ರದ ನಡುವೆ ತೈಲ ತೆಗೆಯುವ ಕಟ್ಟೆಯಲ್ಲಿ ಕೆಲಸ. ಬದಲಿ ಜನ ಬಂದರೆ ಮಾತ್ರ ಅವರಿಗೆ ದಡ. ವಾರಿಜಳಿಗೆ ದಿನ ತುಂಬುತ್ತಿತ್ತು. ಇದು ಎರಡನೆಯ ಬಸಿರು. ಊರಿನಲ್ಲಿ ಹೆತ್ತ ಮೊದಲನೆಯದು ಅಳಲೇ ಇಲ್ಲ, ಉಳಿಯಲೂ ಇಲ್ಲ; ಆಗ ನಾನು ರಜೆ ಸಿಗದೆ ಖಮೀಸಿನಲ್ಲೇ ಇದ್ದೆ. ಅಮ್ಮನಿಗೆ ವೀಸಾ ಆಗಿರಲಿಲ್ಲ. ಹಾಗಾಗಿ ಈ ಸಲ ಏನೇ ಆದರೂ ನಾನಿರುತ್ತೇನೆ ಎಂದು ಫೋನಿನಲ್ಲಿ ಮಾತು ಕೊಟ್ಟಿದ್ದೆ. ವಿಮಾನದ ಟಿಕೇಟೂ ಆಗಿತ್ತು.

ಆದರೆ ಹೊಟ್ಟೆಯಲ್ಲಿರುವುದಕ್ಕೆ ಟಿಕೇಟಿನ ತಾರೀಕು ಯಾರು ಹೇಳುವುದು? ಒಂದು ಮಧ್ಯಾಹ್ನ ನಾನು ವಾರ್ಡಿನಲ್ಲಿರುವಾಗ ಫೋನು ಬಂತು. ಲೈನು ಕರಕರ ಎನ್ನುತ್ತಿತ್ತು.

"ಅಕ್ಕಾ, ಸಣ್ಣಕೆ ನೋವು ಸುರುವಾಗಿದೆ. ಪಕ್ಕದ ಮನೆಯವರು ಆಸ್ಪತ್ರೆಗೆ ಸೇರಿಸಿದ್ದಾರೆ. ನೀನು ಬರ್ತೀಯಲ್ಲ?"

"ಹೊರಟೆ. ಎಲ್ಲಿ ಅಂತ ಹೇಳು."

"ಸಮುದ್ರದ ಬದಿಯ ದೊಡ್ಡ ರಸ್ತೆಗೆ ಬಾ. ಅಲ್ಲಿಂದ ಬಡಗು ಬದಿಗೆ ತಿರುಗಿ ಸೀದಾ ಬಂದರೆ ನೀರಿನ ಟ್ಯಾಂಕಿ ಸಿಗುತ್ತದೆ. ಟ್ಯಾಂಕಿ ದಾಟಿದ ಕೂಡಲೇ ಮೂಡು ಬದಿಯಲ್ಲಿ…" ಆಸ್ಪತ್ರೆಯ ಹೆಸರು ಕರಕರದಲ್ಲಿ ಮುಳುಗಿತು. ಲೈನೂ ಕಡಿಯಿತು.

ಆ ದಿನದ ವಿಮಾನ ಹೋಗಿಯಾಗಿತ್ತು, ಮರುದಿನದ್ದು ಭರ್ತಿ. ಇವರ ಕಫೀಲ್, ಟಯರ್ ಅಂಗಡಿಯ ಮಾಲೀಕರಾದ ಮುದುಕರು, ವಿಷಯ ಕೇಳಿ ಪ್ರಯಾಣದ ಪರವಾನಗಿ ಕಾಗದ ಬರೆದು ಕೊಟ್ಟದ್ದಲ್ಲದೆ, ಕಾರಿನ ನಾಲ್ಕೂ ಟಯರ್ ಬದಲಿಸಿ "ಯಲ್ಲಾ, ಹೊರಡಿ!" ಎಂದು ಬಾನೆಟ್ಟಿಗೆ ತಟ್ಟಿದರು. ಆಸ್ಪತ್ರೆಯ ಗೇಟಿನ ಹತ್ತಿರ ಮಾರ್ಥ ಬಂದು ಒಂದು ಥರ್ಮಾಸ್ ಕಾಫಿ ಕೊಟ್ಟರು.

"ಲಿಯೇಜಿನಿಂದ ರೋಮಿಗೆ ಇಷ್ಟೇ ದೂರ. ನಿಮಗೆ ಆಲ್ಪ್ಸ್ ಇಲ್ಲ, ನಿಮ್ಮದು ಸುಲಭ" ಎಂದರು. ಸಮಾಧಾನಕ್ಕೆ ಹೇಳಿದ್ದೋ, ಹೊಟ್ಟೆಕಿಚ್ಚಿಗೋ ಗೊತ್ತಾಗಲಿಲ್ಲ.

ಸೌದಿಯ ನಕ್ಷೆ ನೋಡಿದರೆ ಖಮೀಸ್ ಒಂದು ಮೂಲೆ, ಖೋಬರ್ ಇನ್ನೊಂದು ಮೂಲೆ. ನಡುವೆ ಮರುಭೂಮಿ, ನಡುವಿನ ನಡುವೆ ರಿಯಾದ್. ಗುಡ್ಡ ಮುಗಿದ ಮೇಲೆ ರಸ್ತೆ ನೂಲು ಹಿಡಿದ ಹಾಗೆ ನೇರ. ತಿರುವೇ ಇಲ್ಲದ ದಾರಿಯಲ್ಲಿ ದಾರಿ ಹೇಳುವವಳ ಪಾಡು ಕೇಳಬೇಡಿ. ಆದರೂ ನಾನು ಬಿಡಲಿಲ್ಲ. ಒಂಟೆ ಕಂಡರೆ ಒಂಟೆ, ಲಾರಿ ಕಂಡರೆ ಲಾರಿ, ಏನೂ ಕಾಣದಿದ್ದರೆ "ಏನೂ ಇಲ್ಲ, ಹೋಗಿ" ಎಂದೆ. ಖುಬ್ಬೂಸ್ ರೊಟ್ಟಿಗೆ ಉಪ್ಪಿನಕಾಯಿ ಸವರಿ ಇವರ ಬಾಯಿಗಿಟ್ಟೆ. ಕತ್ತಲಾದ ಮೇಲೆ ಇವರ ತಲೆ ತೂಗುವ ಮೊದಲೇ ಜಗಳ ತೆಗೆದೆ. ಮದುವೆಯ ದಿನ ನನ್ನ ಸೋದರಮಾವನಿಗೆ ಇವರ ಕಡೆಯವರು ಎರಡನೇ ಸಲ ಪಾಯಸ ಬಡಿಸಲಿಲ್ಲ ಎಂಬುದು ನಮ್ಮ ಮನೆಯ ದೊಡ್ಡ ಖಟ್ಲೆ. ಅದನ್ನು ಎತ್ತಿದರೆ ಇವರಿಗೆ ನಿದ್ದೆ ಹತ್ತಿರ ಸುಳಿಯುವುದಿಲ್ಲ. ಆ ಪಾಯಸದ ಮೇಲೆಯೇ ನಾವು ರಿಯಾದ್ ದಾಟಿದೆವು.

ಮಾತು ನಿಂತಾಗ ಮಾತ್ರ ನನಗೆ ಭಯವಾಗುತ್ತಿತ್ತು. ನಾನು ಎಷ್ಟೋ ಹೆರಿಗೆ ಮಾಡಿಸಿದವಳು. ಏನೇನು ತಪ್ಪಬಹುದು ಎಂದು ಬೇರೆಯವರಿಗಿಂತ ಚೆನ್ನಾಗಿ ಗೊತ್ತಿತ್ತು. ವಾರಿಜ ಒಬ್ಬಳೇ ಇದ್ದಾಳೆ, ಈ ಸಲವೂ ನಾನು ತಲುಪದಿದ್ದರೆ ಅವಳ ಮುಖ ನೋಡುವುದು ಹೇಗೆ? ಇವರಿಗೆ ಹೇಳಲಿಲ್ಲ. ದನಿಯಲ್ಲಿ ಅನುಮಾನ ತೋರಿಸಬಾರದಲ್ಲ.

ಖೋಬರಿನ ಸಮುದ್ರದ ಬದಿಯ ರಸ್ತೆ ಮುಟ್ಟುವಾಗ ಬೆಳಕು ಹರಿಯುತ್ತಿತ್ತು. ಎದುರಿಗೆ ನೀರು. ನಾನು ದಿಕ್ಸೂಚಿ ತೆಗೆದು ತೊಡೆಯ ಮೇಲಿಟ್ಟೆ. ಮುಳ್ಳು ಅಲ್ಲಾಡಿ ನಿಂತಿತು. "ಬಡಗು ಎಂದರೆ ಇದು. ಎಡಕ್ಕೆ ತಿರುಗಿಸಿ" ಎಂದೆ, ಮಾರ್ಥರೇ ಮೆಚ್ಚುವ ದನಿಯಲ್ಲಿ.

ಹೋದೆವು. ಹೋಗುತ್ತಲೇ ಇದ್ದೆವು. ನೀರಿನ ಟ್ಯಾಂಕಿ ಬರಲಿಲ್ಲ. ಕಟ್ಟಡಗಳು ವಿರಳವಾದವು. ದಮ್ಮಾಮಿಗೆ ಹೋಗುವ ದಾರಿಯ ಫಲಕ ಬಂತು. ಸಿಕ್ಕಿದ ಒಬ್ಬ ಟ್ಯಾಕ್ಸಿಯವನನ್ನು ಕೇಳಿದರೆ, ಯಾವ ಆಸ್ಪತ್ರೆ ಎಂದು ಅವನೇ ತಿರುಗಿ ಕೇಳಿದ. ಹೆಸರು ನಮಗೆ ಗೊತ್ತಿದ್ದರಲ್ಲವೇ? ಇವರು ಕಾರು ಬದಿಗೆ ನಿಲ್ಲಿಸಿದರು.

"ವಾರಿಜ ಎಂತ ಹೇಳಿದ್ದು, ಇನ್ನೊಮ್ಮೆ ಸರಿಯಾಗಿ ಹೇಳು."

"ಬಡಗು ಬದಿಗೆ ಬಂದರೆ ಟ್ಯಾಂಕಿ, ದಾಟಿದರೆ ಮೂಡು ಬದಿಯಲ್ಲಿ ಆಸ್ಪತ್ರೆ."

"ನಿನ್ನ ಮುಳ್ಳಿನ ಪ್ರಕಾರ ಮೂಡು ಯಾವುದು?"

ನಾನು ಕೈ ತೋರಿಸಿದೆ. ಇವರು ಆ ಬದಿಗೆ ನೋಡಿದರು, ನನ್ನನ್ನು ನೋಡಿದರು.

"ಅಲ್ಲಿ ಇರುವುದು ಬರೀ ನೀರು ಮಾರಾಯ್ತಿ. ನಿನ್ನ ತಂಗಿ ದೋಣಿಯಲ್ಲಿ ಹೆರುತ್ತಾಳಾ?"

ಆ ಕ್ಷಣ ನನಗೆ ನಗುವೂ ಅಳುವೂ ಒಟ್ಟಿಗೆ ಬಂತು. ಮುಳ್ಳು ಸರಿಯಾಗಿಯೇ ಇತ್ತು. ಖೋಬರಿನಲ್ಲಿ ಸಮುದ್ರ ಇರುವುದು ಮೂಡು ಬದಿಗೆ. ಅದು ಮುಳ್ಳಿಗೆ ಗೊತ್ತು, ನನಗೆ ಗೊತ್ತು, ವಾರಿಜಳಿಗೆ ಮಾತ್ರ ಗೊತ್ತಿಲ್ಲ. ಅವಳು ಮಲ್ಪೆಯವಳು. ಸಮುದ್ರ ಎಲ್ಲಿದ್ದರೂ ಅವಳಿಗೆ ಅದು ಪಡುವೇ. ಮನೆಯಿಂದ ಹೆಚ್ಚು ಹೊರಗೆ ಬೀಳದೆ, ನೀರನ್ನು ನೋಡಿ ನೋಡಿ, ಇಡೀ ಖೋಬರನ್ನೇ ಅವಳು ತಲೆಯೊಳಗೆ ನಮ್ಮೂರಿನ ಹಾಗೆ ತಿರುಗಿಸಿ ಇಟ್ಟುಕೊಂಡಿದ್ದಳು. ನೀರು ಪಡು ಎಂದಾದರೆ, ನೀರಿಗೆ ಮುಖ ಮಾಡಿ ನಿಂತವರಿಗೆ ಬಡಗು ಬಲಗೈಗೆ. ನಾವು ಹೋದದ್ದು ಎಡಗೈಗೆ.

ದಿಕ್ಸೂಚಿಯನ್ನು ಡ್ಯಾಶ್‌ಬೋರ್ಡಿನ ಡಬ್ಬಿಯೊಳಗೆ ಹಾಕಿ ಮುಚ್ಚಿದೆ. "ಕಾರು ತಿರುಗಿಸಿ. ಬಂದ ದಾರಿಯಲ್ಲೇ ವಾಪಸ್ಸು. ಇನ್ನು ಸಮುದ್ರ ಪಡು ಬದಿಗೆ."

"ಸಮುದ್ರದ ಬದಿಗೆ ಸೂರ್ಯ ಹುಟ್ಟಲು ಹೊರಟಿದ್ದಾನೆ, ಪಡು ಹೇಗಾಗುತ್ತದೆ?"

"ಸೂರ್ಯ ಅವನ ಕೆಲಸ ನೋಡಿಕೊಳ್ಳಲಿ. ನೀವು ಹೋಗಿ."

ಹೋದರು. ಪುಣ್ಯಾತ್ಮರು. ಟ್ಯಾಂಕಿ ಬಂತು. ಟ್ಯಾಂಕಿ ದಾಟಿದ ಕೂಡಲೇ, ನೀರಿಗೆ ಎದುರು ಬದಿಯಲ್ಲಿ, ನಮ್ಮೂರಿನ ಲೆಕ್ಕದಲ್ಲಿ ಅಪ್ಪಟ ಮೂಡು ಬದಿಯಲ್ಲಿ, ಬಿಳಿ ಬಣ್ಣದ ಆಸ್ಪತ್ರೆ ಇತ್ತು. ನಾನು ಕಾರು ಪೂರ್ತಿ ನಿಲ್ಲುವ ಮೊದಲೇ ಬಾಗಿಲು ತೆಗೆದು ಇಳಿದೆ.

ನರ್ಸ್ ಎಂದು ಹೇಳಿದ್ದಕ್ಕೆ ಹೆರಿಗೆ ವಾರ್ಡಿನ ಮಲಯಾಳಿ ಸಿಸ್ಟರ್ ಒಳಗೆ ಬಿಟ್ಟರು. ಮಗುವಿನ ಎದೆಬಡಿತ ಚೆನ್ನಾಗಿದೆ, ಆದರೆ ತಾಯಿ ಕೈಬಿಟ್ಟಿದ್ದಾಳೆ, ಮುಕ್ಕಿ ಎಂದರೆ ಮುಕ್ಕುವುದಿಲ್ಲ, ಬರೀ ಅಳುತ್ತಾಳೆ ಎಂದರು. ವಾರಿಜ ಮಂಚದ ಮೇಲೆ ಕಿಟಕಿಯ ಕಡೆಗೆ ಮುಖ ಮಾಡಿ ಮಲಗಿದ್ದಳು. ಕೂದಲು ಹಣೆಗೆ ಅಂಟಿತ್ತು. ನನ್ನನ್ನು ಕಂಡದ್ದೇ ಕೈ ಹಿಡಿದುಕೊಂಡಳು.

"ಬಂದೆಯಾ ಅಕ್ಕಾ. ಆದರೆ ಇನ್ನು ಪ್ರಯೋಜನ ಇಲ್ಲ. ಬೆಳಿಗ್ಗೆ ಒಳಗೆ ಆಗುತ್ತದೆ ಅಂದಿದ್ದರು. ನೋಡು, ಸಂಜೆಯೇ ಆಯ್ತು. ಹೋದ ಸಲವೂ ಹೀಗೇ ಸಂಜೆಯಾಗಿತ್ತು. ನನಗೆ ಯಾರೂ ಹೇಳುತ್ತಿಲ್ಲ, ಅಷ್ಟೆ."

ನಾನು ಕಿಟಕಿಯ ಹೊರಗೆ ನೋಡಿದೆ. ಸಮುದ್ರದ ಮೇಲೆ, ನೀರಿಗೆ ತಾಗಿಕೊಂಡು ಕೆಂಪು ಸೂರ್ಯ. ಮಲ್ಪೆಯಲ್ಲಿ ಹುಟ್ಟಿದ ಯಾರೇ ನೋಡಿದರೂ ಅದು ಮುಳುಗುವ ಸೂರ್ಯ.

"ವಾರಿಜಾ, ಅದು ಸಂಜೆ ಅಲ್ಲ ಮಾರಾಯ್ತಿ. ಬೆಳಿಗ್ಗೆ! ಇಲ್ಲಿ ಸಮುದ್ರ ಮೂಡು ಬದಿಗೆ. ಸೂರ್ಯ ನೀರಿನಿಂದ ಮೇಲೆ ಬರುವುದು."

ಅವಳು ನನ್ನನ್ನು ನೋಡಿದಳು, ಕಿಟಕಿಯನ್ನು ನೋಡಿದಳು. ಸೂರ್ಯ ನೀರು ಬಿಟ್ಟು ಒಂದಿಷ್ಟು ಮೇಲೆ ಬಂದಿದ್ದ.

"ಹಾಗಾದರೆ ಹೊತ್ತು ಮೀರಲಿಲ್ಲವಾ?"

"ಈಗಷ್ಟೇ ಬೆಳಕಾದದ್ದು. ಇಡೀ ದಿನ ಉಂಟು ನಿನಗೆ."

ಅವಳಿಗೆ ಇಡೀ ದಿನ ಬೇಕಾಗಲಿಲ್ಲ. ಮಂಚದ ಕಂಬಿಯನ್ನು ಹಿಡಿದುಕೊಂಡಳು, ಸಿಸ್ಟರ್ ಹೇಳಿದಾಗ ಮುಕ್ಕಿದಳು, ನಿಲ್ಲಿಸು ಎಂದಾಗ ನಿಲ್ಲಿಸಿದಳು. ನಾನು ಪಕ್ಕದಲ್ಲಿ ನಿಂತು, ತಲೆ ಕಾಣುತ್ತಿದೆ, ಇನ್ನೊಂದು ಸಲ, ಭುಜ ಬಂತು, ಆಯಿತು, ಆಯಿತು ಎಂದು ಹೇಳುತ್ತಲೇ ಇದ್ದೆ. ಆಮೇಲೆ ಆ ಕೋಣೆಯ ಗೋಡೆ ಬಿರಿಯುವ ಹಾಗೆ ಒಂದು ಹೆಣ್ಣು ಮಗು ಕಿರುಚಿತು.

ವಾರಿಜ ಕಣ್ಣು ಮುಚ್ಚಿಕೊಂಡಿದ್ದಳು. "ಅಕ್ಕಾ, ಅಳ್ತಾ ಉಂಟಾ?"

"ನಿನಗೆ ಕೇಳುವುದಿಲ್ಲವಾ?"

"ಕೇಳ್ತದೆ. ಆದರೂ ನೀನು ಹೇಳು."

ಅಳುತ್ತಿದೆ ಎಂದೆ. ಇನ್ನೊಮ್ಮೆ ಹೇಳು ಎಂದಳು. ಇನ್ನೊಮ್ಮೆ ಹೇಳಿದೆ.